ಹಡಗು ಕಾಣದ ಧಕ್ಕೆಯಲ್ಲಿ ಒಡೀಲ್ ಅವರ ವ್ಯಾನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫ್ರಾನ್ಸಿನ ಲೆ ಹಾವ್ರ್ ಬಂದರಿನಲ್ಲಿ, ಹಡಗು ಕಟ್ಟುವ ಧಕ್ಕೆಗಳ ನಡುವೆ ಒಂದು ಬಿಳಿ ವ್ಯಾನು ನಿಂತಿದೆ. ಚಾಲಕಿ ಒಡೀಲ್ ವೋಕ್ಲಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಲಕ್ಕೆ ತಿರುಗಬೇಕೋ ಎಡಕ್ಕೋ ಎಂದು ನೋಡುತ್ತಿದ್ದಾರೆ. ನಿನ್ನೆ ಸಂಜೆ ಇಲ್ಲಿ ಕೆಂಪು ಕಂಟೇನರುಗಳ ಗೋಡೆಯಿತ್ತು, ತಿರುವಿಗೆ ಅದೇ ಅವರ ಗುರುತು. ಬೆಳಗಾಗುವುದರೊಳಗೆ ಯಾವುದೋ ಹಡಗು ಆ ಗೋಡೆಯನ್ನು ಪೂರ್ತಿ ಹೊತ್ತುಕೊಂಡು ಹೋಗಿಬಿಟ್ಟಿದೆ. ಒಡೀಲ್ ಒಂದು ಕ್ಷಣ ಯೋಚಿಸಿ ಎಡಕ್ಕೆ ತಿರುಗಿಸುತ್ತಾರೆ, ತಪ್ಪು ಎಂದು ತಿಳಿದ ಮೇಲೆ ಹಿಂದಕ್ಕೆ ಬರುತ್ತಾರೆ.

ಅರವತ್ತೊಂದು ವರ್ಷದ ಈ ಹೆಂಗಸಿನ ಕೆಲಸ ಹೇಳಲು ಸುಲಭ. ಬಂದರಿಗೆ ಬಂದ ಹಡಗುಗಳಿಂದ ನಾವಿಕರನ್ನು ಊರೊಳಗೆ ಕರೆದೊಯ್ಯಬೇಕು, ಹಡಗು ಹೊರಡುವುದರೊಳಗೆ ಮರಳಿ ತಂದು ಬಿಡಬೇಕು. ಹಿಂದೆಲ್ಲ ಹಡಗು ಬಂದರೆ ವಾರಗಟ್ಟಲೆ ನಿಲ್ಲುತ್ತಿತ್ತು, ನಾವಿಕರು ಊರಿನ ಅಳಿಯಂದಿರ ಹಾಗೆ ತಿರುಗಾಡುತ್ತಿದ್ದರು. ಈಗ ಅರ್ಧ ದಿನ ನಿಂತರೆ ಹೆಚ್ಚು. ಧಕ್ಕೆಯಿಂದ ಊರು ದೂರ, ನಡುವೆ ಲಾರಿಗಳ ಓಡಾಟ, ನಡೆದು ಹೋಗಲು ಬಿಡುವುದಿಲ್ಲ. ‘ನಾವಿಕರ ಮನೆ’ ಎಂಬ ಸಣ್ಣ ಸಂಸ್ಥೆಯ ಈ ವ್ಯಾನು ಇಲ್ಲದಿದ್ದರೆ ಭೂಮಿಯ ಅರ್ಧ ಸುತ್ತಿ ಬಂದವರು ಕ್ರೇನು ನೋಡಿಕೊಂಡೇ ವಾಪಸು ಹೋಗಬೇಕು. ದಿನಕ್ಕೆ ಮೂವತ್ತು ನಲವತ್ತು ಜನ ಇದರಲ್ಲಿ ಹತ್ತಿ ಇಳಿಯುತ್ತಾರೆ.

ತಮಾಷೆಯೆಂದರೆ, ಒಡೀಲ್ ಅವರಿಗೆ ದಿಕ್ಕು ಎನ್ನುವುದೇ ಗೊತ್ತಾಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ನೆಲಸಮವಾಗಿ ಮತ್ತೆ ಕಾಂಕ್ರೀಟಿನಲ್ಲಿ ಎದ್ದ ಊರಿದು. ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ, ಮನೆಗಳೆಲ್ಲ ಒಂದೇ ಅಚ್ಚು. ಒಡೀಲ್ ಚಿಕ್ಕವರಿದ್ದಾಗ ಶಾಲೆಯಿಂದ ಬಂದು ಪಕ್ಕದ ಮೆಟ್ಟಿಲು ಹತ್ತಿ, ಬೇರೆಯವರ ಮನೆಯಲ್ಲಿ ಸೂಪಿಗೆ ಕೂತದ್ದುಂಟು. ಆ ಮನೆಯವರು ಬಡಿಸಿಯೂ ಬಿಟ್ಟಿದ್ದರಂತೆ. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. ಮಗಳು ಕಾಫಿ ಬೀಜ ಆರಿಸುವ ಗೋದಾಮಿಗೆ ಸೇರಿದರು, ಐವತ್ತು ದಾಟುವ ಹೊತ್ತಿಗೆ ಗೋದಾಮು ಮುಚ್ಚಿತು. ಆ ವಯಸ್ಸಿಗೆ ಇನ್ನೆಲ್ಲೂ ಕೆಲಸ ಹುಟ್ಟಲಿಲ್ಲ, ಮಂಡಿ ಬೇರೆ ಸವೆದಿತ್ತು. ಗಂಡ ಇವೊನ್ ತೀರಿಕೊಂಡದ್ದೂ ಅದೇ ಚಳಿಗಾಲದಲ್ಲಿ. ಆರು ತಿಂಗಳು ಮನೆಯ ಕಿಟಕಿಯ ಹತ್ತಿರವೇ ಕೂತಿದ್ದೆ ಎನ್ನುತ್ತಾರೆ. ಕೂತು ನಡೆಸುವ ಕೆಲಸ ಎಂಬ ಒಂದೇ ಕಾರಣಕ್ಕೆ ವ್ಯಾನು ಒಪ್ಪಿಕೊಂಡರು.

“ದಾರಿ ಗೊತ್ತಾ ಅಂತ ಕೇಳಿದ್ರು. ಗೊತ್ತು ಅಂದುಬಿಟ್ಟೆ. ಇಷ್ಟು ವರ್ಷ ಆಯ್ತು, ಇನ್ನೂ ಕಲೀತಾ ಇದ್ದೀನಿ” ಎಂದು ಪಕ್ಕದ ಸೀಟಿನಲ್ಲಿ ಕೂತ ನನ್ನತ್ತ ನೋಡಿ ನಗುತ್ತಾರೆ.

ಈ ಬೆಳಿಗ್ಗೆ ಅವರ ಮೊದಲ ಪ್ರಯಾಣಿಕ ‘ನೋರ್ವಿಂಡ್’ ಹಡಗಿನ ಅಡುಗೆಯವರು. ಹೆಸರು ಎಲಿಸೆಯೊ ಮಗ್ಬನುವಾ, ಫಿಲಿಪ್ಪೀನ್ಸಿನವರು, ವಯಸ್ಸು ಐವತ್ತನಾಲ್ಕು. ಹಡಗಿನ ಏಣಿ ಇಳಿದವರೇ ಧಕ್ಕೆಯ ಹೊಂಡದಲ್ಲಿ ಕಾಲಿಟ್ಟು ಸಾಕ್ಸು ಒದ್ದೆ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಎರಡು: ಫೋನಿಗೆ ಸಿಮ್ಮು, ಇಗರ್ಜಿಯಲ್ಲಿ ಒಂದು ಮೇಣದಬತ್ತಿ. ತಮ್ಮೂರಿನಲ್ಲಿ ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂದಿದೆಯಂತೆ. ಹಡಗು ಹೊರಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಷ್ಟರೊಳಗೆ ಹತ್ತದಿದ್ದರೆ ಹಡಗು ತಪ್ಪಿಸಿಕೊಂಡವನು ಎಂಬ ಹೆಸರು ಬರುತ್ತದೆ, ಈ ವಯಸ್ಸಿನ ಅಡುಗೆಯವನನ್ನು ಮತ್ತೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ವ್ಯಾನು ಹತ್ತುವಾಗಲೇ ಹರಕು ಇಂಗ್ಲಿಷಿನಲ್ಲಿ ಅದನ್ನು ಎರಡು ಸಲ ಹೇಳುತ್ತಾರೆ. ಒಡೀಲ್ ಅವರ ಇಂಗ್ಲಿಷೂ ಅಷ್ಟೇ ಹರಕು, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತದೆ.

ಇಗರ್ಜಿ ಎಲ್ಲಿ ಎಂದು ಕೇಳಿದವರಿಗೆ ಒಡೀಲ್ ಊರಿನ ಮೇಲೆದ್ದು ನಿಂತ ಬೂದು ಗೋಪುರ ತೋರಿಸುತ್ತಾರೆ. ಎಲಿಸೆಯೊ ನಂಬುವುದಿಲ್ಲ. ಎಷ್ಟೋ ವರ್ಷಗಳಿಂದ ಬೇರೆ ಬೇರೆ ಹಡಗುಗಳ ಅಡುಗೆಮನೆಯ ಕಿಂಡಿಯಿಂದ ನೋಡಿ ಅದು ದೀಪಸ್ತಂಭ ಎಂದುಕೊಂಡಿದ್ದಾರೆ. ದೀಪಸ್ತಂಭದೊಳಗೆ ಮೇಣದಬತ್ತಿ ಹಚ್ಚು ಅನ್ನುತ್ತಿದ್ದಾಳಲ್ಲ ಈ ಹೆಂಗಸು ಎಂಬ ಮುಖ ಮಾಡಿಕೊಂಡೇ ಇಳಿಯುತ್ತಾರೆ.

ವಾಪಸು ಹತ್ತುವ ಜಾಗ ‘ಮೊಸರಿನ ಕುಡಿಕೆ’. ಊರಿನ ನಡುವೆ ಇರುವ ದೊಡ್ಡ ಬಿಳಿ ರಂಗಮಂದಿರಕ್ಕೆ ಇಲ್ಲಿನ ಜನ ಇಟ್ಟ ಅಡ್ಡಹೆಸರದು. ಹಿಂದೊಮ್ಮೆ ಒಬ್ಬ ನಾವಿಕ ಈ ಮಾತು ನಂಬಿ ಅಂಗಡಿಯ ಹಾಲು-ಮೊಸರಿನ ಕಪಾಟಿನ ಮುಂದೆ ಒಂದು ಗಂಟೆ ಕಾದಿದ್ದ. ಅಂದಿನಿಂದ ಒಡೀಲ್ ಬಾಯಲ್ಲಿ ಹೇಳುವುದರ ಜೊತೆಗೆ ಕೈಹಿಡಿದು ತೋರಿಸುತ್ತಾರೆ. ಆದರೂ ಎಲಿಸೆಯೊ ಹೊತ್ತಿಗೆ ಬರುವುದಿಲ್ಲ. ಇಗರ್ಜಿಯ ಬೇರೊಂದು ಬಾಗಿಲಿನಿಂದ ಹೊರಬಿದ್ದು, ಒಂದೇ ಥರದ ಬೀದಿಗಳಲ್ಲಿ ಸುತ್ತಿ ಸುತ್ತಿ, ಪ್ರತಿ ಮೂಲೆಯಲ್ಲೂ ಅದೇ ಗೋಪುರ ಕಂಡು ತಲೆಕೆಟ್ಟು, ಕೊನೆಗೆ ಓಡುತ್ತ ಬರುತ್ತಾರೆ. ಸಿಮ್ಮು ಕೈಯಲ್ಲೇ ಇದೆ, ಫೋನಿಗೆ ಹಾಕಲು ಪುರುಸೊತ್ತಾಗಿಲ್ಲ. ಹನ್ನೊಂದು ದಾಟಿದೆ.

ಧಕ್ಕೆ ತಲುಪಿದರೆ ಅಲ್ಲಿ ಹಡಗಿಲ್ಲ.

ಬರೀ ನೀರು. ನೀರಿನ ಮೇಲೆ ಒಂದು ಕಡಲಹಕ್ಕಿ. ಎಲಿಸೆಯೊ ಇಳಿದು ನೀರನ್ನೇ ನೋಡುತ್ತ ನಿಲ್ಲುತ್ತಾರೆ. ಒಡೀಲ್ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. ಹಡಗು ಬೇಗ ಹೊರಟಿತೋ, ತಾನೇ ಬೇರೆ ಧಕ್ಕೆಗೆ ಬಂದೆನೋ ತಿಳಿಯುತ್ತಿಲ್ಲ. ತನ್ನ ಮೇಲೇ ಅವರಿಗೆ ಮೊದಲ ಅನುಮಾನ. ಜಾಗ ತಪ್ಪಿರಬೇಕು, ಹತ್ತಿ ಎಂದು ಕರೆಯುತ್ತಾರೆ. ಎಲಿಸೆಯೊ ನೆಲದ ಹೊಂಡ ತೋರಿಸುತ್ತಾರೆ.

“ಇಲ್ಲ ಅಕ್ಕಾ, ಜಾಗ ಇದೇ. ಬೆಳಿಗ್ಗೆ ಕಾಲಿಟ್ಟ ಹೊಂಡ ನೋಡಿ. ಹೋಗಿಬಿಟ್ರು. ನನ್ನ ಬಿಟ್ಟು ಹೋಗಿಬಿಟ್ರು.”

ಒಡೀಲ್ ನಾವಿಕರ ಮನೆಗೆ ಫೋನು ಮಾಡುತ್ತಾರೆ. ಅಲ್ಲಿ ಮೇಜಿನ ಹಿಂದೆ ಕೂರುವವರು ಅರ್ಮಾನ್, ಒಡೀಲ್ ಅವರ ಅಪ್ಪನ ಜೊತೆ ಮೂಟೆ ಹೊತ್ತ ಮುದುಕ. ಒಡೀಲ್ ಅವರನ್ನು ಕೆಣಕದೆ ಅವರಿಗೆ ಬೆಳಗಿನ ಕಾಫಿ ಇಳಿಯುವುದಿಲ್ಲ. ಬಂದರಿನವರನ್ನು ವಿಚಾರಿಸಿ ಹೇಳುತ್ತಾರೆ: ದೊಡ್ಡ ಹಡಗೊಂದು ಬರುವುದರಿಂದ ಜಾಗ ಬಿಡಿಸಲು ನೋರ್ವಿಂಡನ್ನು ಆಚೆ ಬದಿಯ ಧಕ್ಕೆಗೆ ಸರಿಸಿದ್ದಾರೆ. ಹಡಗಿನವರು ಎಲಿಸೆಯೊಗೆ ತಿಳಿಸಲು ನೋಡಿದ್ದರಂತೆ, ಸಿಮ್ಮಿಲ್ಲದ ಫೋನಿಗೆ ತಿಳಿಸುವುದು ಹೇಗೆ? ಹೊರಡುವುದು ಹನ್ನೆರಡಕ್ಕೇ.

“ಎದುರಿಗೇ ಇದೆ ತಾಯೀ. ನೀರು ದಾಟಿದ್ರೆ ಆಯ್ತು” ಎನ್ನುತ್ತಾರೆ ಅರ್ಮಾನ್.

“ನನ್ನ ವ್ಯಾನು ಈಜಲ್ಲ ಮಾರಾಯಾ” ಎಂದು ಒಡೀಲ್ ಫೋನು ಇಡುತ್ತಾರೆ.

ಎದುರಿಗೆ ನೋಡಿದರೆ ಸಾಲಾಗಿ ಹಡಗುಗಳು, ಒಂದರ ಹೆಸರೂ ಇಲ್ಲಿಂದ ಓದಲಾಗದು. ನಿಮ್ಮ ಹಡಗಿನ ಹೊಗೆಕೊಳವೆ ಯಾವ ಬಣ್ಣ ಎಂದು ಒಡೀಲ್ ಕೇಳುತ್ತಾರೆ. ಎಲಿಸೆಯೊಗೆ ಗೊತ್ತಿಲ್ಲ. ಎಂಟು ತಿಂಗಳಿಂದ ಆ ಹಡಗಿನ ಒಳಗಿದ್ದಾರೆ. ಅಕ್ಕಿ ಡಬ್ಬ ಯಾವುದು, ಯಾವ ಒಲೆ ಮೊಂಡು ಬೀಳುತ್ತದೆ, ಕಪ್ತಾನನಿಗೆ ಉಪ್ಪೆಷ್ಟು, ಎಲ್ಲ ಗೊತ್ತು. ಹೊರಗೆ ನಿಂತು ಹಡಗನ್ನು ಯಾವತ್ತೂ ಸರಿಯಾಗಿ ನೋಡಿಲ್ಲ. ಆ ನಾಚಿಕೆಗೋ ಭಯಕ್ಕೋ ಅವರ ಕಣ್ಣು ತುಂಬಿಬಿಡುತ್ತದೆ.

ಹತ್ತಿರದ ಸೇತುವೆ ಹಡಗಿಗೆ ದಾರಿ ಬಿಡಲು ಮೇಲೆದ್ದಿದೆ. ಬಳಸಿ ಹೋಗಬೇಕು. ಒಡೀಲ್ ಹೊರಡುತ್ತಾರೆ, ಕಂಟೇನರುಗಳ ಗಲ್ಲಿ ಹೊಕ್ಕು ತಂತಿ ಬೇಲಿಯ ಮುಂದೆ ನಿಲ್ಲುತ್ತಾರೆ. ಹಿಂದೆ ಬಂದು ಇನ್ನೊಂದು ಗಲ್ಲಿ ಹಿಡಿಯುತ್ತಾರೆ, ಎರಡು ಸಲ ತಿರುಗುತ್ತಾರೆ. ಹೊರಬಿದ್ದ ಮೇಲೆ ಮುಂದೆ ಅದೇ ನೀರು, ಅದೇ ಹಕ್ಕಿ, ಅದೇ ಹೊಂಡ. ಎಲಿಸೆಯೊ ಅವರ ತುಟಿ ಈಗ ಪ್ರಾರ್ಥನೆಗೆ ಅಲ್ಲಾಡುತ್ತಿದೆ. ಬೈದಿದ್ದರೇ ವಾಸಿಯಿತ್ತು ಎಂದು ಒಡೀಲ್ ಅವರಿಗೆ ಅನಿಸುತ್ತದೆ. ಯಾರದೋ ಅನ್ನ ನನ್ನ ಕೈಯಲ್ಲಿ ಹೋಗುತ್ತಿದೆಯಲ್ಲ ಎಂದುಕೊಳ್ಳುತ್ತ ಮತ್ತೆ ವ್ಯಾನು ತಿರುಗಿಸುತ್ತಾರೆ.

ಆಗ ಮುಂದಿನ ರಸ್ತೆಯಲ್ಲಿ ಇನ್ನೊಂದು ಬಿಳಿ ವ್ಯಾನು ಹೋಗುವುದು ಕಾಣುತ್ತದೆ. ಹಗ್ಗದವರದು. ಹಡಗು ಬಂದಾಗ ಹಗ್ಗ ಕಟ್ಟಿ, ಹೊರಡುವಾಗ ಬಿಚ್ಚುವ ಕೆಲಸದವರು. ಒಡೀಲ್ ಹಾರ್ನಿನ ಮೇಲೆ ಕೈ ಒತ್ತಿಯೇ ಅವರನ್ನು ಹಿಡಿಯುತ್ತಾರೆ. ಈಗ ಯಾವ ಹಡಗು ಬಿಚ್ಚಲು ಹೊರಟಿರಿ ಎಂದು ಕೇಳುತ್ತಾರೆ. ನೋರ್ವಿಂಡ್ ಎನ್ನುತ್ತಾನೆ ಅವರಲ್ಲೊಬ್ಬ.

“ಅದರ ಅಡುಗೆಯವನು ನನ್ನ ಹತ್ರ ಇದ್ದಾನೆ.”

“ಮತ್ತೆ ದಾರಿ ತಪ್ಪಿದ್ಯಾ ಒಡೀಲ್? ಬಾ, ನಮ್ಮ ಬೆನ್ನಿಗೇ ಬಾ. ನಾವು ಬಿಚ್ಚದೆ ಅದೆಲ್ಲಿಗೆ ಹೋಗುತ್ತೆ?”

ಹಗ್ಗದವರ ಹಿಂದೆ ಹೋಗಿ ನೋರ್ವಿಂಡಿನ ಮುಂದೆ ನಿಂತದ್ದೇ ತಡ, ಎಲಿಸೆಯೊ ವ್ಯಾನಿನಿಂದ ಹಾರಿ ಓಡುತ್ತಾರೆ. ಹಿಂತಿರುಗಿಯೂ ನೋಡುವುದಿಲ್ಲ. ಒದ್ದೆ ಸಾಕ್ಸಿನ ಕಾಲು ಏಣಿಯ ಮೇಲೆ ಎರಡೆರಡು ಮೆಟ್ಟಿಲು ದಾಟುತ್ತದೆ. ಅವರು ಒಳಹೊಕ್ಕ ಸ್ವಲ್ಪ ಹೊತ್ತಿಗೇ ಏಣಿ ಮೇಲೇಳುತ್ತದೆ.

ಒಡೀಲ್ ಎಂಜಿನು ಆರಿಸಿ, ತಂದಿದ್ದ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು, ತಿನ್ನದೆ ಹಾಗೇ ಕೂರುತ್ತಾರೆ. ತಾವು ಹಡಗಿಗೆ ಬಿಟ್ಟವರು ಮತ್ತೊಮ್ಮೆ ಮೇಲಿನ ಕಟಕಟೆಯಲ್ಲಿ ಕಾಣುವವರೆಗೂ ಅವರು ಧಕ್ಕೆ ಬಿಡುವುದಿಲ್ಲ. ಯಾರೂ ಹೇಳಿಕೊಟ್ಟ ನಿಯಮವಲ್ಲ, ಹೇಗೋ ಬಂದ ಅಭ್ಯಾಸ. ಎಷ್ಟೋ ಜನ ಮತ್ತೆ ಕಾಣುವುದೇ ಇಲ್ಲ, ಒಳಗೆ ಕೆಲಸ ಕಾದಿರುತ್ತದೆ.

ಹಗ್ಗ ಬಿಚ್ಚುತ್ತಾರೆ. ಹಡಗಿಗೂ ಧಕ್ಕೆಗೂ ನಡುವೆ ನೀರು ಅಗಲವಾಗುತ್ತದೆ. ಆಗ ಹಿಂಬದಿಯ ಕಟಕಟೆಯಲ್ಲಿ ಏಪ್ರನ್ ತೊಟ್ಟ ಎಲಿಸೆಯೊ ಕಾಣಿಸಿಕೊಳ್ಳುತ್ತಾರೆ. ಕೆಳಗೆ ಎರಡು ಬಿಳಿ ವ್ಯಾನುಗಳಿವೆ. ಅವರು ಒಂದನ್ನು ನೋಡುತ್ತಾರೆ, ಇನ್ನೊಂದನ್ನು ನೋಡುತ್ತಾರೆ, ಕೊನೆಗೆ ಹಗ್ಗದವರ ವ್ಯಾನಿನ ಕಡೆ ತಿರುಗಿ ಎರಡೂ ಕೈಯೆತ್ತಿ ಬೀಸತೊಡಗುತ್ತಾರೆ. ಎದೆ ಮುಟ್ಟಿಕೊಳ್ಳುತ್ತಾರೆ, ಮುತ್ತು ತೂರುತ್ತಾರೆ, ಮತ್ತೆ ಬೀಸುತ್ತಾರೆ. ಹಗ್ಗದವನು ಕಕ್ಕಾಬಿಕ್ಕಿಯಾಗಿ, ಏನು ಮಾಡುವುದೋ ತಿಳಿಯದೆ, ತಾನೂ ಕೈ ಬೀಸುತ್ತಾನೆ.

ಹಾರ್ನ್ ಹೊಡೆದು ಕರೆಯಬಾರದೇ ಎಂದು ನಾನು ಕೇಳಿದರೆ ಒಡೀಲ್ ಬೇಡವೆಂದು ತಲೆಯಲ್ಲಾಡಿಸುತ್ತಾರೆ. ಬ್ರೆಡ್ಡು ಕಚ್ಚಿ, ಹಡಗು ತಿರುಗುವವರೆಗೂ ನೋಡುತ್ತಾರೆ.

“ಇರ್ಲಿ ಬಿಡಿ. ಅವನಿಗೆ ವ್ಯಾನು ತಪ್ಪಿತು. ಹಡಗು ತಪ್ಪಲಿಲ್ಲವಲ್ಲ.”