ಕಿವಿಯಿಂದ ಪ್ರೋಗ್ರಾಂ ಬರೆದ ಅಕ್ಕ

ಮೊನ್ನೆ ಮೆಟ್ರೋದಲ್ಲಿ ಪಕ್ಕದವರ ಫೋನು ಯಂತ್ರದ ದನಿಯಲ್ಲಿ ಗಡಿಬಿಡಿಯಾಗಿ ಏನೋ ಓದತೊಡಗಿತು. ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ದನಿ ಅದು. ನನಗೆ ಅಕ್ಕ ನೆನಪಾದರು.

ಒಡಹುಟ್ಟಿದವರಲ್ಲ. ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಮ್ಮದೇ ಟವರಿನಲ್ಲಿದ್ದ ದಾವಣಗೆರೆಯವರು, ಆಫೀಸಿನಲ್ಲಿ ನನ್ನ ಸೀನಿಯರ್. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ನಮಗೆ ಬರೀ ಗುಂಯ್‌ಗುಟ್ಟಿದಂತೆ ಕೇಳಿಸುವ ಆ ದನಿಯನ್ನು ಇಯರ್‌ಫೋನಿನಲ್ಲಿ ಆಲಿಸುತ್ತ ಕಂಪ್ಯೂಟರ್ ಭಾಷೆಯಾದ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು.

ಪ್ರೋಗ್ರಾಂನಲ್ಲಿ ಬಳಸುವ ಒಂದೊಂದು ಘಟಕಕ್ಕೂ ಆಬ್ಜೆಕ್ಟ್ ಎನ್ನುತ್ತಾರೆ. ಹೊಸಬಳಾದ ನಾನು, “ಅಕ್ಕ, ಈ ಆಬ್ಜೆಕ್ಟ್‌ನಿಂದ ಏನೇನು ಮಾಡಿಸಬಹುದು?” ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದೆ.

“ನನ್ನನ್ಯಾಕೆ ಕೇಳ್ತೀಯ, ಅದನ್ನೇ ಕೇಳು. ಡಿರ್ ಅಂತ ಟೈಪ್ ಮಾಡಿ ಬ್ರಾಕೆಟ್‌ನಲ್ಲಿ ಅದರ ಹೆಸರು ಹಾಕು. ತನ್ನ ಹತ್ರ ಇರೋದನ್ನೆಲ್ಲ ಅದೇ ಹೇಳುತ್ತೆ.”

ಹೇಳುತ್ತಿತ್ತು. ಅದರ ಗುಣಗಳು, ಅದು ಮಾಡಬಲ್ಲ ಕೆಲಸಗಳು, ಎಲ್ಲದರ ಹೆಸರೂ ಸಾಲಾಗಿ ಬರುತ್ತಿತ್ತು. ಒಳಬಳಕೆಗೆಂದೇ ಇಟ್ಟ, ಅಡಿಗೆರೆಯಿಂದ ಶುರುವಾಗುವ ಹೆಸರು ಬಂದರೆ ಅಕ್ಕ, “ಇದು ಅವರ ಮನೆಯೊಳಗಿನ ವ್ಯವಹಾರ, ನಮಗ್ಯಾಕೆ” ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಆಮೇಲೆ ಆಫೀಸಿಗೆ ಹೊಸ ಸಿಸ್ಟಮ್ ಬಂತು. ಅದರ ಪರದೆಗಳನ್ನು ಆ ದನಿಗೆ ಓದಲಾಗಲಿಲ್ಲ. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ, “ಮೇಡಂ, ಕಾಲ್ ಡೆಸ್ಕ್ ಲೇ ಲೀಜಿಯೇ, ಆರಾಮ್ ರಹೇಗಾ” ಎಂದರು: ಫೋನ್ ಎತ್ತುವ ಕೆಲಸ ತೆಗೆದುಕೊಳ್ಳಿ, ಆರಾಮವಾಗಿರುತ್ತೆ ಅಂತ.

“ಆರಾಮ್ ಕಿಸ್‌ನೇ ಮಾಂಗಾ?” ಎಂದರು ಅಕ್ಕ, ಆರಾಮ ಬೇಕೆಂದು ಕೇಳಿದವರಾರು ಎನ್ನುವಂತೆ. ಅಂದು ಊಟಕ್ಕೂ ಏಳಲಿಲ್ಲ.

ಸಿಸ್ಟಮ್ ಜೊತೆ ಪೈಥಾನ್‌ನ ಕೊಂಡಿಯೊಂದು, ಅಂದರೆ ಪ್ರೋಗ್ರಾಂ ಬರೆದು ಅದರೊಳಗೆ ಇಳಿಯುವ ದಾರಿ, ಬಂದಿತ್ತು. ಅದನ್ನು ಬಳಸುವುದು ಹೇಗೆಂಬ ವಿವರಣೆ ಯಾರ ಬಳಿಯೂ ಇರಲಿಲ್ಲ. ಅಕ್ಕ ಅದರ ಮೇಲೆ ಡಿರ್ ಹಾಕಿದರು. ಸಿಕ್ಕ ಹೆಸರಿನ ಮೇಲೆ ಮತ್ತೆ ಡಿರ್, ಅದರೊಳಗೆ ಇನ್ನೊಂದು... ಹೀಗೆ ಹಲವು ದಿನ. ಕೊನೆಗೆ ಸಿಸ್ಟಮ್‌ನಲ್ಲಿದ್ದುದನ್ನು ಬರಿಯ ಅಕ್ಷರಗಳಾಗಿ ಹೊರತೆಗೆಯುವ ದಾರಿ ಸಿಕ್ಕಿತು. ದನಿ ಮತ್ತೆ ಓದತೊಡಗಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡರು. ಕೆಲಸ ಉಳಿಯಿತು.

ಮುಂದಿನ ಚಳಿಗಾಲದಲ್ಲಿ ಸಿಸ್ಟಮ್ ಮತ್ತೆ ಬದಲಾಯಿತು. ಈ ಸಲ ಅಕ್ಕ ರಾಜೀನಾಮೆ ಕೊಟ್ಟರು.

“ಒಂದು ಸಲ ಗೋಡೆ ಕೊರೆದು ಒಳಗೆ ಬರಬಹುದು ಕಣೇ. ಪ್ರತಿ ಸಲಾನೂ ನಾನೇ ಕೊರೀಬೇಕಾ?”

ಸಾಮಾನು ಕಟ್ಟಿಕೊಟ್ಟೆ.

ಊರಿಗೆ ಮರಳಿ ದಾವಣಗೆರೆಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಮೊದಲು ಆಗಾಗ ಫೋನ್ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ... ಹೋದ ವರ್ಷ ಅವರ ತಮ್ಮ ಫೋನ್ ಮಾಡಿದರು. ನ್ಯುಮೋನಿಯಾ ಆಗಿತ್ತಂತೆ. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ನಮ್ಮ ಟವರಿನ ಲಿಫ್ಟ್ ಬಾಗಿಲು ತೆರೆದೊಡನೆ ಅಕ್ಕ, “ಒಳಗೆ ಯಾರಿದ್ದೀರಿ?” ಎಂದು ಕನ್ನಡದಲ್ಲೇ ಕೇಳುತ್ತಿದ್ದರು. ಅರ್ಥವಾಗದವರು ಸುಮ್ಮನಿರುತ್ತಿದ್ದರು, “ನಾನು” ಎನ್ನುವವಳು ನಾನೊಬ್ಬಳೇ. ಈಗ ಬಾಗಿಲು ತೆರೆಯುತ್ತದೆ, ಜನ ಹತ್ತುತ್ತಾರೆ, ಯಾರೂ ಏನೂ ಕೇಳುವುದಿಲ್ಲ.