ಪ್ರಶ್ನಕ್ಕನ ನಾಲ್ಕನೇ ಪ್ರಶ್ನೆ

ನಾಚಿಕೆಯನ್ನು ತಾಯಿಯ ಹೊಟ್ಟೆಯಲ್ಲೇ ಮರೆತು ಹುಟ್ಟಿದವನು ನಾನು. ನಲವತ್ತು ವರ್ಷ ಕ್ಷೌರದ ಅಂಗಡಿ ನಡೆಸಿದೆ. ನಾನು ಬಾಯಿ ತೆರೆದರೆ ಸಾಕು, ಕತ್ತರಿ ತಾಗುವ ಮುಂಚೆಯೇ ಗಿರಾಕಿಯ ಕೂದಲು ಸಂಕೋಚದಿಂದ ಉದುರುತ್ತಿತ್ತು.

ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಪ್ರಶ್ನಕ್ಕ. ಹೆಸರಿಟ್ಟವನೂ ನಾನೇ. ನೆಗಡಿ, ತುರಿಕೆ ಅಂತ ಅಲರ್ಜಿ ಮಾತ್ರೆ ಕೇಳಿದವರಿಗೆ ನಾಲ್ಕು ಪ್ರಶ್ನೆ ಹಾಕದೆ ಕೊಡಳು. ಗಾಡಿ ಓಡಿಸ್ತೀರಾ? ಕುಡಿತೀರಾ? ಬೇರೆ ಮಾತ್ರೆ ತಗೋತಿದ್ದೀರಾ? ಉಚ್ಚೆ ಸಲೀಸಾಗಿ ಹೋಗುತ್ತಾ? ಉತ್ತರವನ್ನೆಲ್ಲ ಮಾತ್ರೆಯ ಕವರಿನ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಾಳೆ. ಅಷ್ಟರಲ್ಲಿ ನೆಗಡಿ ವಾಸಿಯಾಗಿ, ಬಂದವರು ಸಾಲು ಬಿಟ್ಟು ಮನೆಗೆ ಹೋದದ್ದೂ ಉಂಟು. ಮಾಲೀಕ ಅವಳನ್ನು ಕೆಲಸದಿಂದ ಕಳಿಸಲು ನೆಪ ಹುಡುಕುತ್ತಿದ್ದ.

ಅವಳ ಗಂಡ ಲಾರಿ ಚಾಲಕ. ಒಮ್ಮೆ ನೆಗಡಿಗೆ ಮಾತ್ರೆ ನುಂಗಿ ಲಾರಿ ಹತ್ತಿದ, ತೂಕಡಿಸಿದ, ಕಾಲು ಕಳೆದುಕೊಂಡ. ಮಾತ್ರೆ ಕೊಟ್ಟವರು ಒಂದು ಮಾತೂ ಕೇಳಿರಲಿಲ್ಲ. ಆಮೇಲೆ ಓದಿ ಈ ಕೆಲಸಕ್ಕೆ ಸೇರಿದವಳು ಅವಳು. ಇದು ಗೊತ್ತಿದ್ದೂ ನಾನು ಅವಳನ್ನು ಆಡಿಕೊಳ್ಳುತ್ತಿದ್ದೆ.

ಹೋದ ತಿಂಗಳು ಮೈಯೆಲ್ಲ ತುರಿಕೆ ಎದ್ದು ನಾನೂ ಸಾಲಿನಲ್ಲಿ ನಿಂತೆ. ಗಾಡಿಯಿಲ್ಲ, ಕುಡಿತವಿಲ್ಲ, ಬೇರೆ ಮಾತ್ರೆಯಿಲ್ಲ ಅಂತ ಮೂರು ಪ್ರಶ್ನೆ ದಾಟಿದೆ. ನಾಲ್ಕನೆಯದಕ್ಕೆ ತಿರುಗಿ ನೋಡುತ್ತೇನೆ, ಬೆನ್ನ ಹಿಂದೆ ಮಗಳ ಅತ್ತೆ, ನಮ್ಮ ಬೀಗಿತ್ತಿ! ಪ್ರಾಸ್ಟೇಟ್ ಊದಿ, ಅರ್ಧ ಗಂಟೆ ನಿಂತರೆ ನಾಲ್ಕು ಹನಿ ಬೀಳುವ ಗಂಡಸು ನಾನು.

“ಸಲೀಸಾ? ಜಲಪಾತ ಕಣಮ್ಮಾ!” ಅಂದೆ.

ಪ್ರಶ್ನಕ್ಕ ನನ್ನ ಮುಖವನ್ನೊಮ್ಮೆ ನೋಡಿ ‘ಸಲೀಸು’ ಎಂದು ಬರೆದಳು.

ಮರುದಿನ ಜಲಪಾತಕ್ಕೆ ಅಣೆಕಟ್ಟು ಬಿದ್ದಿತ್ತು. ಹೊಟ್ಟೆ ನಗಾರಿಯಾಯಿತು. ಆಸ್ಪತ್ರೆಯಲ್ಲಿ ಉಚ್ಚೆ ಇಳಿಸಲು ನಳಿಗೆ ಹಾಕಿದ ಡಾಕ್ಟರು, “ಈ ತೊಂದರೆ ಇದ್ದೋರು ಆ ಮಾತ್ರೆ ತಗೊಳ್ಳೋ ಮುಂಚೆ ಹೇಳ್ಬಾರದಾ?” ಎಂದರು.

“ಅವಳು ಕೇಳಲೇ ಇಲ್ವಾ?” ಹೆಂಡತಿ ನನ್ನತ್ತ ತಿರುಗಿದಳು.

ನಾನು ಗೋಡೆಯತ್ತ ತಿರುಗಿ, “ಇಲ್ಲ” ಅಂದೆ.

ಹೆಂಡತಿ ಅಂಗಡಿಗೆ ಹೋಗಿ ಆಕಾಶ ಭೂಮಿ ಒಂದು ಮಾಡಿದಳು. “ಕವರ್ ನೋಡಿ ಅಮ್ಮಾ” ಎಂದು ಪ್ರಶ್ನಕ್ಕ ಅಂಗಲಾಚಿದಳಂತೆ. ಹೆಂಡತಿ ಬಂದು ಕೇಳಿದರೆ, ಕವರು ಎಸೆದೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಅದು ನನ್ನ ದಿಂಬಿನ ಕೆಳಗಿತ್ತು. ನಾಳೆಯಿಂದ ಬರಬೇಡ ಎಂದನಂತೆ ಮಾಲೀಕ.

ಸಂಜೆ ಬೀಗಿತ್ತಿ ನೋಡಲು ಬಂದಳು. “ಜಲಪಾತ ಹೇಗಿದೆ ಬೀಗರೇ?” ಎಂದು ಕೂತು, ದನಿ ತಗ್ಗಿಸಿದಳು. “ಆಕೆ ಕೇಳಿದ್ದು ನನಗೂ ಕೇಳಿಸಿತ್ತು. ನೀವು ಹೇಳ್ತೀರೋ, ನಾನೇ ಹೇಳ್ಲೋ?”

ತಾಯಿಯ ಹೊಟ್ಟೆಯಲ್ಲಿ ಮರೆತಿದ್ದ ನಾಚಿಕೆ ಎಪ್ಪತ್ತು ವರ್ಷ ತಡವಾಗಿ ವಿಳಾಸ ಹುಡುಕಿಕೊಂಡು ಬಂತು.

ಮರುದಿನ ಬೆಳಗ್ಗೆ ಅಂಗಿಯೊಳಗೆ ನಳಿಗೆಯ ಚೀಲ ಅಡಗಿಸಿಕೊಂಡು ಔಷಧಿ ಅಂಗಡಿಗೆ ಹೊರಟೆ. ಹಿಂದೆ ಬೀಗಿತ್ತಿಯ ಕಾವಲು. ಪ್ರಶ್ನಕ್ಕ ತನ್ನ ಪೆನ್ನು, ಊಟದ ಡಬ್ಬಿ ಎತ್ತಿಕೊಳ್ಳಲು ಬಂದಿದ್ದಳು. ತುಂಬಿದ ಸಾಲಿನ ಮುಂದೆ ಮಾಲೀಕನ ಕೈಗೆ ಕವರು ಕೊಟ್ಟೆ. “ಅವಳು ಕೇಳಿದ್ಲು. ಸುಳ್ಳು ಹೇಳಿದ್ದು ನಾನು.” ನನ್ನ ದನಿ ನನಗೇ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು.

ಮಾಲೀಕ ಓದಿ, “ಹೋಗು, ಕೌಂಟರ್ ನೋಡ್ಕೋ” ಎಂದು ಅವಳಿಗೆ ಗೊಣಗಿದ.

ಪ್ರಶ್ನಕ್ಕ ಕವರು ತೆಗೆದುಕೊಂಡು ‘ಸಲೀಸು’ ಹೊಡೆದುಹಾಕಿದಳು. ಪೆನ್ನು ಮುಚ್ಚಲಿಲ್ಲ.

“ಅಜ್ಜಾ, ಕುಡಿಯಲ್ಲ ಅಂತಲೂ ಬರೆಸಿದ್ರಲ್ಲ. ಅದನ್ನೂ ಈಗಲೇ ಹೊಡೆದುಹಾಕ್ಲಾ, ಇಲ್ಲ ಬೀಗಿತ್ತಿಯವರು ಹೋಗೋ ತನಕ ಕಾಯ್ಲಾ?”