ದೊರೆಯನ್ನು ಮಾಡಿದ ಕೈ

ನಮ್ಮಕ್ಕನಿಗೆ ಕೆಲಸದ ಜಾಗದಲ್ಲಿ ಬ್ಲೇಡಮ್ಮ ಅಂತ ಅಡ್ಡಹೆಸರು. ಕೇಳಿದವರು ನಾಲಿಗೆ ಹರಿತ ಇರಬೇಕು ಅಂದುಕೊಳ್ಳುತ್ತಾರೆ. ಹರಿತವಾದ ನಾಲಿಗೆ ನನ್ನದು, ಅವಳದು ಕೈ. ನಾನು ಹೊಲಿಗೆಯವಳಾದರೂ ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ಅವಳೇ. ಬರಿಗಣ್ಣಿಗೆ ಧೂಳಿನ ಕಣದಂತೆ ಕಾಣುವ ಹಸುವಿನ ಅಂಡಾಣುವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕೈಯಲ್ಲಿ ಹಿಡಿದ ಪುಟ್ಟ ಬ್ಲೇಡಿನಿಂದ ಎರಡು ಹೋಳು ಮಾಡುವುದು ಅವಳ ಉದ್ಯೋಗ. ಜಾನುವಾರು ತಳಿ ಕೇಂದ್ರದ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿದಳು. ಕೈ ನಡುಗಬಾರದೆಂದು ಕಾಫಿ ಕುಡಿಯುವುದನ್ನೂ ಬಿಟ್ಟಿದ್ದಳು.

ಆ ಕೆಲಸ ಏನೆಂದು ಒಮ್ಮೆ ಅಡುಗೆಮನೆಯಲ್ಲಿ ನಿಂಬೆಹಣ್ಣು ಕೊಯ್ದು ತೋರಿಸಿದ್ದಳು. ಕಸಾಯಿಖಾನೆಯಿಂದ ದಿನಾ ಬೆಳಿಗ್ಗೆ, ಬೆಚ್ಚಗಿನ ಉಪ್ಪುನೀರು ತುಂಬಿದ ಫ್ಲಾಸ್ಕಿನಲ್ಲಿ ಹಸುಗಳ ಅಂಡಾಶಯಗಳು ಬರುತ್ತವೆ. ಸಿರಿಂಜಿನಿಂದ ಅಂಡಾಣುಗಳನ್ನು ಎಳೆದು, ಒಂದು ದಿನ ಬಲಿಯಲು ಬಿಟ್ಟು, ಹೊರಗಿನ ಸಿಪ್ಪೆ ಕರಗಿಸಿ ಕೊಯ್ಯಬೇಕು. ಎರಡರಲ್ಲಿ ಒಂದು ಹೋಳಿಗೆ ಅಂಡಾಣುವಿನ ಕೋಶಕೇಂದ್ರ ಹೋಗುತ್ತದೆ. ಹುಟ್ಟುವ ಪ್ರಾಣಿ ಹೇಗಿರಬೇಕು ಎನ್ನುವುದು ಬರೆದಿರುವುದು ಅದರಲ್ಲೇ. ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದರೆ ಆ ಹೋಳಿನಲ್ಲಿ ನೀಲಿ ಚುಕ್ಕೆ ಹೊಳೆಯುತ್ತದೆ. ಅದನ್ನು ಎಸೆಯಬೇಕು. ಚುಕ್ಕೆಯಿಲ್ಲದ ಎರಡು ಹೋಳುಗಳ ನಡುವೆ, ನಮಗೆ ಬೇಕಾದ ಪ್ರಾಣಿಯ ಚರ್ಮದ ಒಂದೇ ಒಂದು ಜೀವಕೋಶ ಇಟ್ಟು ಸಣ್ಣಗೆ ವಿದ್ಯುತ್ ಹಾಯಿಸಿದರೆ ಮೂರೂ ಬೆಸೆದು ಒಂದಾಗುತ್ತವೆ. ಆಮೇಲೆ ಔಷಧ ಹಾಕಿ ಎಚ್ಚರಿಸಿದರೆ, ಗಂಡಿನ ಬೀಜ ಸೇರಿದ ಅಂಡಾಣುವಿನಂತೆಯೇ ಅದು ಎರಡಾಗಿ ನಾಲ್ಕಾಗಿ ಬೆಳೆಯುತ್ತದೆ. ವಾರ ಕಳೆದ ಮೇಲೆ ಯಾವುದೋ ಹಸುವಿನ ಗರ್ಭದಲ್ಲಿ ಇಡುತ್ತಾರೆ. ಹುಟ್ಟುವುದು ಚರ್ಮ ಕೊಟ್ಟ ಪ್ರಾಣಿಯ ತದ್ರೂಪಿ. ಇಷ್ಟೆಲ್ಲ ಕೊಯ್ದು ಅಂಟಿಸಿದ್ದು ಬದುಕುತ್ತದೆಯೇ ಎಂದು ಕೇಳಿದ್ದಕ್ಕೆ, ನೂರಕ್ಕೆ ಎರಡೋ ಮೂರೋ ಎಂದು ಆ ನಿಂಬೆಹೋಳನ್ನೇ ಹಿಂಡಿ ಪಾನಕ ಮಾಡಿದಳು.

ಭಾವ ಅದೇ ಕೇಂದ್ರದಲ್ಲಿ ಹೋರಿಗಳನ್ನು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಹೆಸರಾಂತ ಹೋರಿಗೆ ದೊರೆ ಎಂದು ಹೆಸರು. ಒಂದು ಮಧ್ಯಾಹ್ನ ಅದು ಭಾವನನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಹಿಡಿಯಿತು. ಎಷ್ಟು ಹೊತ್ತು ಹಿಡಿದಿತ್ತೆಂದು ನಮಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದೇ ಚಳಿಗಾಲದಲ್ಲಿ ದೊರೆ ಹೊಟ್ಟೆ ಉಬ್ಬರಿಸಿ ಸತ್ತಿತು. ನನಗೆ ಸಂತೋಷವಾಯಿತು, ಮುಚ್ಚುಮರೆ ಏಕೆ.

ಆದರೆ ಸಾಯುವುದಕ್ಕೆ ಒಂದು ವರ್ಷ ಮೊದಲೇ ಅದರ ಕಿವಿಯಿಂದ ಉಗುರಿನಷ್ಟು ಚರ್ಮ ಕತ್ತರಿಸಿ ದ್ರವ ಸಾರಜನಕದಲ್ಲಿ ಇಟ್ಟಿದ್ದರು. ನಿರ್ದೇಶಕರು ಅಕ್ಕನನ್ನು ಕರೆಸಿ, ದೊರೆಯನ್ನು ಮತ್ತೆ ಹುಟ್ಟಿಸಬೇಕೆಂದಿದ್ದೇವೆ, ನಿಮ್ಮಿಂದ ಆಗದಿದ್ದರೆ ಬೇರೆಯವರನ್ನು ಹುಡುಕುತ್ತೇವೆ ಎಂದರು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿಯೇ ಕೇಳಿದರಂತೆ. ಅಕ್ಕ ಆಗಲಿ ಎಂದು ಎದ್ದು ಬಂದಳು. ಗಂಡನನ್ನು ಕೊಂದದ್ದನ್ನು ಕೈಯಾರೆ ಮಾಡಿಕೊಡುತ್ತೀಯಾ, ತಲೆ ಕೆಟ್ಟಿದೆಯಾ ಎಂದು ನಾನು ಬಾಯಿಗೆ ಬಂದಂತೆ ಬೈದೆ.

ಏಳು ತಿಂಗಳು ಒಂದು ಹಸುವೂ ಗಬ್ಬ ನಿಲ್ಲಲಿಲ್ಲ. ನೂರಕ್ಕೆ ಎರಡರ ಕೆಲಸವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಕ್ಕ ಮಾತ್ರ ಒಣಗುತ್ತಾ ಬಂದಳು. ಊಟಕ್ಕೆ ಕೂತವಳು ಕೈ ಮೂಸಿಕೊಳ್ಳುವಳು. ದೊರೆಯ ವಾಸನೆ ಬರುತ್ತಿದೆಯಾ ನೋಡು ಎಂದು ನನ್ನ ಮೂಗಿಗೂ ಹಿಡಿಯುವಳು. ಸೋಪಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಒಂದು ಭಾನುವಾರ ಬಟ್ಟೆ ಒಣಹಾಕುವಾಗ, ನಾನು ಕೇಳದೆಯೇ ಹೇಳಿದಳು.

“ಎಸೀಬೇಕಾದ ಹೋಳುಗಳನ್ನೇ ಜೋಡಿಸ್ತಿದ್ದೀನಿ ಕಣೆ. ನೀಲಿ ಚುಕ್ಕೆ ಇರೋದನ್ನ. ಒಂದು ವಾರ ಬೆಳೆಯೋ ಹಾಗೆ ಮಾಡುತ್ತೆ, ಹೊಟ್ಟೇಲಿ ನಿಲ್ಲಲ್ಲ.”

ಅಂಡಾಣುವಿನದೂ ದೊರೆಯದೂ ಎರಡೂ ಕೋಶಕೇಂದ್ರಗಳು ಒಂದರಲ್ಲೇ ಸೇರಿದರೆ ಆ ಪಿಂಡ ಉಳಿಯುವುದಿಲ್ಲ. ಮಸೂರದಲ್ಲಿ ನೋಡುವವಳು ಅವಳೊಬ್ಬಳೇ ಆದ್ದರಿಂದ ಹಿಡಿಯುವವರೂ ಇಲ್ಲ. ಒಳ್ಳೆ ಕೆಲಸ ಮಾಡಿದೆ ಎಂದು ನಾನು ನಿಟ್ಟುಸಿರು ಬಿಟ್ಟೆ. ಅವಳಿಗೆ ಅದು ಒಳ್ಳೆಯದೆನಿಸಿರಲಿಲ್ಲ. ದೊರೆಯ ಚರ್ಮದ ಜೀವಕೋಶಗಳಿಗೆ ಎರಡು ದಿನಕ್ಕೊಮ್ಮೆ ಅವಳೇ ಆಹಾರದ ದ್ರವ ಬದಲಿಸಬೇಕಿತ್ತು. ಅವು ಬೆಚ್ಚಗೆ ಕೂತು ತಟ್ಟೆಯ ತುಂಬ ಹರಡುತ್ತಲೇ ಇದ್ದವು.

“ಅದು ಸತ್ತರೂ ಬೆಳೀತಾನೇ ಇದೆ. ಅವರದ್ದು ಒಂದು ಉಗುರೂ ಉಳೀಲಿಲ್ಲ,” ಎಂದಳು.

ಅಂದಿನಿಂದ ಹಗಲು ಹೊತ್ತಿನಲ್ಲೇ, ಮಷಿನ್ ತುಳಿಯುತ್ತಾ ಕೂತಾಗ, ಹಿಂದಿನ ಗೋಡೆಗೆ ಯಾವುದೋ ಭಾರಿ ಮೈ ಉಜ್ಜಿಕೊಂಡ ಸದ್ದು ನನಗೆ ಕೇಳತೊಡಗಿತು. ಎದ್ದು ಹೋಗಿ ನೋಡುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ.

ಪ್ರಯೋಗಾಲಯದವರಿಗೆ ಹಸುಗಳೆಂದರೆ ನಂಬರು, ಹೆಸರಿಟ್ಟು ಕರೆಯುವುದು ಕೊಟ್ಟಿಗೆಯವರು. ಅಕ್ಕ ಎಡವಿದ್ದು ಇಲ್ಲಿಯೇ. ಭಾವನ ಜಾಗಕ್ಕೆ ಬಂದಿದ್ದವನು ಈಚೆಗೆ ಮದುವೆಯಾದ ನಗುಮುಖದವನು. ಅವನು ಒಂದು ದಿನ ಮಾತಿನ ನಡುವೆ, ಪಾಪ, ಬೆಳ್ಳಿಗೆ ಇನ್ನೊಂದೇ ಸಲ ಉಳಿದಿದೆ ಎಂದ. ತಾಯಿ ಸತ್ತ ಕರುವಾಗಿದ್ದ ಬೆಳ್ಳಿಯನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು ಭಾವ. ಅಕ್ಕ ಸುಳ್ಳು ಪಿಂಡಗಳನ್ನು ಕಳಿಸಿದ್ದ ನಂಬರುಗಳಲ್ಲಿ ಒಂದು ಬೆಳ್ಳಿಯದಾಗಿತ್ತು, ಅದೂ ಎರಡು ಸಲ. ಮೂರನೆಯ ಸಲವೂ ಗಬ್ಬ ನಿಲ್ಲದಿದ್ದರೆ ಕಸಾಯಿಖಾನೆಗೆ ಕಳಿಸುವುದು ಅಲ್ಲಿನ ನಿಯಮ.

“ಅವಳ ಅಂಡಾಶಯ ಫ್ಲಾಸ್ಕಲ್ಲಿ ನನ್ನ ಮೇಜಿಗೇ ಬರುತ್ತೆ,” ಎಂದಳು ಅಕ್ಕ.

ಬಂದರೆ ಬರಲಿ, ಒಂದು ಹಸು ತಾನೇ ಎಂದುಬಿಟ್ಟೆ. ಅವಳು ನನ್ನನ್ನು ನೋಡಿದ ರೀತಿ ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಅವಳು ಆ ವಾರ ಮುನ್ನೂರು ಅಂಡಾಣು ಕೊಯ್ದಳು. ನೀಲಿ ಚುಕ್ಕೆಯ ಹೋಳುಗಳನ್ನೆಲ್ಲ ಈ ಸಲ ಎಸೆದಳು. ಪ್ರಾಮಾಣಿಕವಾಗಿ ಮಾಡಿದರೂ ನಿಲ್ಲುತ್ತದೆಂಬ ಭರವಸೆಯಿಲ್ಲದ ಕೆಲಸ. ಗಂಡನನ್ನು ಕೊಂದದ್ದು ಹುಟ್ಟಲಿ ಎಂದು ಅವಳು ಆ ದಿನಗಳಲ್ಲಿ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ಬಚ್ಚಲಿನಲ್ಲಿ ವಾಂತಿಯನ್ನೂ ಮಾಡಿಕೊಂಡಳು. ಒಂದು ತಿಂಗಳ ಮೇಲೆ ವೈದ್ಯರು ಬೆಳ್ಳಿಯನ್ನು ಸ್ಕ್ಯಾನ್ ಮಾಡಿ, ಗಬ್ಬ ನಿಂತಿದೆ ಎಂದರು.

ಹೀಗೆ ಹುಟ್ಟುವ ಕರುಗಳು ಎಷ್ಟೋ ಸಲ ವಿಪರೀತ ದಪ್ಪವಿರುತ್ತವಂತೆ. ದಿನ ತುಂಬಿದಾಗ ಬೆಳ್ಳಿಯ ಹೊಟ್ಟೆ ಕೊಯ್ದೇ ಕರುವನ್ನು ತೆಗೆಯಬೇಕಾಯಿತು. ಎರಡೂ ಜೀವ ಉಳಿದವು. ನಿರ್ದೇಶಕರು ಎಲ್ಲರಿಗೂ ಸಿಹಿ ಹಂಚಿದರು. ಅಕ್ಕ ಮಾತ್ರ ಹತ್ತು ದಿನ ಕೊಟ್ಟಿಗೆಯ ಕಡೆಗೆ ತಲೆ ಹಾಕಲಿಲ್ಲ.

ಹನ್ನೊಂದನೆಯ ದಿನ ನಾನೇ ಊಟದ ಡಬ್ಬಿ ಹಿಡಿದು ಹೋಗಿ, ಒಮ್ಮೆ ಬೆಳ್ಳಿಯನ್ನಾದರೂ ನೋಡು ಎಂದು ಅವಳನ್ನು ಎಳೆದುಕೊಂಡು ಹೋದೆ. ಕರು ಬೆಳ್ಳಿಯ ಕೆಚ್ಚಲಿಗೆ ತಲೆಯಿಂದ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ಹಣೆಯ ಬಿಳಿ ಮಚ್ಚೆ ದೊರೆಯದರಂತೆಯೇ, ಸ್ವಲ್ಪ ವಾರೆಯಾಗಿತ್ತು. ಅಕ್ಕ ಬಾಗಿಲಲ್ಲೇ ನಿಂತಳು. ಕೊಟ್ಟಿಗೆಯವನು ನಮ್ಮನ್ನು ಕಂಡು ಖುಷಿಯಾಗಿ, ನೋಡಿ ಎಷ್ಟು ಚೂಟಿ ಎಂದು ಅಂಗೈಯನ್ನು ಕರುವಿನ ಹಣೆಗೆ ಒತ್ತಿದ. ಕರು ಕೈಯನ್ನು ನೂಕಿತು. ಅವನು ನಗುತ್ತಾ ತಿರುಗಿ ನೂಕಿದ. ಅಕ್ಕ ಓಡಿಹೋಗಿ ಅವನ ಕೈ ಹಿಡಿದು ಈಚೆಗೆ ಎಳೆದಳು.

“ಹಣೆ ಮುಟ್ಟಬೇಡ. ಅವರೂ ದೊರೇನ ಕರುವಾಗಿದ್ದಾಗಿನಿಂದ ಹೀಗೇ ನೂಕಾಡಿಸ್ತಾ ಇದ್ದರು. ನಾನು ನಿಂತು ನೋಡಿ ನಗ್ತಾ ಇದ್ದೆ.”

ಎಳೆಯದರಲ್ಲಿ ಮನುಷ್ಯನನ್ನು ನೂಕುವುದು ಆಟವೆಂದು ಕಲಿತ ಹೋರಿ ದೊಡ್ಡದಾದ ಮೇಲೂ ಅದೇ ಆಟ ಆಡುತ್ತದೆ. ಆಟಕ್ಕೆ ಕರೆದವನನ್ನೇ ಗೋಡೆಗೆ ಒತ್ತುತ್ತದೆ. ದೊರೆಯ ಕೊಲೆಗಡುಕತನ ಆ ನೀಲಿ ಚುಕ್ಕೆಯಂಥದ್ದರಲ್ಲಿ, ಅದರ ಕೋಶಕೇಂದ್ರದಲ್ಲೇ, ಅಡಗಿದೆಯೆಂದು ಏಳು ತಿಂಗಳು ಅದನ್ನು ಹುಟ್ಟದಂತೆ ತಡೆದಿದ್ದಳು ಅಕ್ಕ. ಅದನ್ನು ಕಲಿಸಿದ್ದು ಭಾವನ ಕೈ ಎಂದು ಅವಳ ಬಾಯಿಂದಲೇ ಅಂದು ಹೊರಬಿತ್ತು. ಸಗಣಿಯಲ್ಲೇ ಕುಸಿದು ಕೂತು, ಭಾವ ಸತ್ತಾಗಲೂ ಅಳದಷ್ಟು ಅತ್ತಳು.

ಮರುದಿನ ನಿರ್ದೇಶಕರನ್ನು ಕೇಳಿ ಕೊಟ್ಟಿಗೆಯ ಕೆಲಸಕ್ಕೆ ಬಂದಳು. ಬ್ಲೇಡು ಈಗ ಬೇರೆಯವರ ಕೈಯಲ್ಲಿದೆ. ಕರುವಿಗೆ ಹುಲ್ಲು ನೀರು ಎಲ್ಲ ಅವಳೇ, ಬೇರೆಯವರಿಗೆ ಒಳಗೆ ಪ್ರವೇಶವಿಲ್ಲ. ಕರು ದಿನವೂ ಬಂದು ಹಣೆ ಒಡ್ಡುತ್ತದೆ. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅದು ಸಾಕಾಗಿ ಹೋಗುವವರೆಗೂ ಹಾಗೇ ನಿಂತಿರುತ್ತಾಳೆ.